ಅಂಟುವ ಟೈರು ಕೊಳ್ಳುವ ಮುನ್ನ ಅದರ ಸೈಡ್‌ವಾಲ್ ಓದಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯಗಳಲ್ಲಿ ವಾರಾಂತ್ಯದ ಓಡಾಟಕ್ಕೆಂದೇ ಒಂದು ಕಾರನ್ನು ಹದಗೊಳಿಸಿ ಇಟ್ಟುಕೊಳ್ಳುವವರು ಈಗ ಕಡಿಮೆಯಿಲ್ಲ. ಹಳೆಯ ಸ್ವಿಫ್ಟ್, ಪೋಲೊ, ಐ20 ಇಂಥವನ್ನು ತಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸುತ್ತಾರೆ, ಎಕ್ಸಾಸ್ಟ್ ಬದಲಿಸುತ್ತಾರೆ, ಸ್ಪ್ರಿಂಗ್ ಹಾಕಿಸಿ 30–40 ಮಿ.ಮೀ. ತಗ್ಗಿಸುತ್ತಾರೆ. ಟೈರಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಆಗ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಎಲ್ಲಕ್ಕಿಂತ ಜಾಸ್ತಿ ಗ್ರಿಪ್ ಇರೋದು ಯಾವುದು?’ ನಮ್ಮ ರಸ್ತೆ, ನಮ್ಮ ಮಳೆ, ವಾರದಲ್ಲಿ ಐದು ದಿನ ನಿಂತೇ ಇರುವ ಕಾರು, ಇವು ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಪ್ರಶ್ನೆಗೆ ಉತ್ತರ ಹೇಳಲು ಆಗುವುದಿಲ್ಲ. ಮುಂಗಾರಿಗೂ ಮುಂಚಿನ ಗುಡುಗು ಮಳೆ ಶುರುವಾಗುವ ಹೊತ್ತಿಗೆ ಈ ವಿವರಗಳು ಓದುಗರ ಕೈಯಲ್ಲಿರಲಿ ಎಂದು ಬರೆಯುತ್ತಿದ್ದೇನೆ.

ಸ್ಟಿಕ್ಕಿ, ಅಂದರೆ ನೆಲಕ್ಕೆ ಅಂಟಿದಂತೆ ಹಿಡಿಯುವ ಟೈರು ಎನ್ನುವುದಕ್ಕೆ ಜನ ಹಿಡಿದುಕೊಂಡಿರುವ ಅಳತೆ ಸೈಡ್‌ವಾಲಿನ (ಟೈರಿನ ಪಕ್ಕದ ಗೋಡೆಯ) ಮೇಲಿನ ಟ್ರೆಡ್‌ವೇರ್ ಸಂಖ್ಯೆ. ಇದು ಅಮೆರಿಕದ ನಿಯಮ. 100 ಎಂಬ ಅಂಕದ ಆಧಾರ ಟೈರಿಗೆ ಹೋಲಿಸಿದರೆ ಈ ಟೈರು ಎಷ್ಟು ಪಟ್ಟು ನಿಧಾನವಾಗಿ ಸವೆಯುತ್ತದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. 200 ಎಂದರೆ ಮೆದು ರಬ್ಬರು, ಬೇಗ ಸವೆತ, ಬಿಗಿ ಹಿಡಿತ. 300ರ ಆಸುಪಾಸಿನವು ರಸ್ತೆಗೆಂದೇ ಮಾಡಿದ ಪರ್ಫಾರ್ಮೆನ್ಸ್ ಟೈರು. 400 ದಾಟಿದವು ದಿನಬಳಕೆಯವು. ಆದರೆ ಈ ಅಂಕಿಯನ್ನು ಕೊಡುವುದು ಆಯಾ ಕಂಪನಿಯೇ. ಒಂದು ಕಂಪನಿಯ 300ನ್ನು ಇನ್ನೊಂದರ 340ರ ಪಕ್ಕ ಇಟ್ಟು ತೂಗಿದರೆ ತೀರ್ಮಾನ ತಪ್ಪುತ್ತದೆ. ನಮ್ಮ ಮಾರುಕಟ್ಟೆಗೆಂದೇ ತಯಾರಾಗುವ ಎಷ್ಟೋ ಟೈರುಗಳ ಮೇಲೆ ಆ ಅಂಕಿ ಇರುವುದೇ ಇಲ್ಲ. ಅದರ ಜೊತೆಗೇ ಬರುವ ಟ್ರ್ಯಾಕ್ಷನ್ ಅಕ್ಷರ (ಎಎ, ಎ, ಬಿ, ಸಿ) ಒದ್ದೆ ನೆಲದ ಮೇಲೆ ನೇರವಾಗಿ ಹೋಗುವಾಗಿನ ಹಿಡಿತಕ್ಕೆ ಮಾತ್ರ ಅನ್ವಯ. ತಿರುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ಕೊಡುವ ನಕ್ಷತ್ರಗಳು ಉರುಳುವಾಗಿನ ಪ್ರತಿರೋಧಕ್ಕೆ, ಅಂದರೆ ಇಂಧನ ಉಳಿತಾಯಕ್ಕೆ ಸಂಬಂಧಪಟ್ಟವು. ನಕ್ಷತ್ರ ಹೆಚ್ಚಿದ್ದರೆ ಹಿಡಿತವೂ ಹೆಚ್ಚು ಎಂದುಕೊಳ್ಳಬಾರದು.

200ರ ವರ್ಗದಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರುಗಳು ಯೊಕೊಹಾಮಾ ಅಡ್ವಾನ್ ನಿಯೋವಾ ಎಡಿ08ಆರ್, ಬ್ರಿಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್, ಹ್ಯಾಂಕೂಕ್ ವೆಂಟಸ್ ಆರ್‌ಎಸ್4. ಒಣ ಡಾಂಬರಿನ ಮೇಲೆ ಇವುಗಳ ಹಿಡಿತ ನಿಜಕ್ಕೂ ಬೇರೆಯದೇ ಮಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಬ್ಬರು ತನ್ನ ಪೂರ್ತಿ ಶಕ್ತಿ ತೋರಿಸುವುದು ಚೆನ್ನಾಗಿ ಬಿಸಿಯಾದ ಮೇಲೆ. ಟ್ರ್ಯಾಕಿನಲ್ಲಿ ಎರಡು ಸುತ್ತು ಹೊಡೆದರೆ ಆ ಬಿಸಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಲಲಿತಮಹಲ್ ರಸ್ತೆಯಿಂದ ಹೊರಟು ಚಾಮುಂಡಿ ಬೆಟ್ಟ ಹತ್ತುವಷ್ಟರಲ್ಲಿ ಬರುವುದಿಲ್ಲ. ಬೆಟ್ಟದ ರಸ್ತೆಯಲ್ಲಿ ಭಕ್ತರು, ನಡಿಗೆಯವರು, ಬಸ್ಸು ಎಲ್ಲ ಇರುತ್ತಾರೆ. ಟೈರು ಬಿಸಿಯೇರುವಂತೆ ಅಲ್ಲಿ ಓಡಿಸುವುದು ಸಲ್ಲದು. ಹಾಗಾದರೆ ದುಡ್ಡು ಕೊಟ್ಟು ತಂದ ಆ ಗುಣ ಕೆಲಸಕ್ಕೆ ಬರುವುದೆಲ್ಲಿ? ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಂಥ ಟ್ರ್ಯಾಕಿನಲ್ಲಿ. ಅಲ್ಲಿಗೆ ಆಗಾಗ ಹೋಗುವವರು 200ರ ಟೈರನ್ನು ಬೇರೆ ರಿಮ್ಮಿನ ಮೇಲೆ ಹಾಕಿಸಿ ಇಟ್ಟುಕೊಳ್ಳಲಿ. ರಸ್ತೆಯಲ್ಲಿ ಮಾತ್ರ ಓಡಿಸುವವರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಒದ್ದೆ ರಸ್ತೆಯಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ. ಹೆಚ್ಚು ರಬ್ಬರು ನೆಲಕ್ಕೆ ತಾಗಲಿ ಎಂದು ಈ ವರ್ಗದ ಟೈರುಗಳಲ್ಲಿ ನೀರು ಹರಿದುಹೋಗುವ ಸೀಳುಗಳನ್ನು ಕಡಿಮೆ ಮಾಡಿರುತ್ತಾರೆ, ಅವುಗಳ ಆಳವೂ ದಿನಬಳಕೆಯ ಟೈರಿಗಿಂತ ಕಡಿಮೆ. ಲೆಕ್ಕ ಹಾಕಿ ನೋಡಿ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ, ಟೈರು ನೆಲಕ್ಕೆ ತಾಗುವ ಅಗಲ 15 ಸೆಂ.ಮೀ., ವೇಗ ಗಂಟೆಗೆ 100 ಕಿ.ಮೀ. ಆಗ ಪ್ರತಿ ಮುಂಚಕ್ರ ಸೆಕೆಂಡಿಗೆ 12.5 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಅಗಲ 18 ಸೆಂ.ಮೀ. ಆದರೆ 15 ಲೀಟರ್. ಅಷ್ಟು ನೀರಿಗೆ ದಾರಿ ಸಿಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ಒಮ್ಮೆಲೇ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ಕೇಳುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಳಿ ಸಂಗಬಸವನದೊಡ್ಡಿ ಕೆಳಸೇತುವೆಯಲ್ಲಿ 2022ರ ಆಗಸ್ಟಿನಲ್ಲೂ 2023ರ ಮಾರ್ಚಿನಲ್ಲೂ ನೀರು ನಿಂತದ್ದನ್ನು ಓದುಗರು ಮರೆತಿರಲಾರರು. ಅಷ್ಟು ನೀರು ಕಣ್ಣಿಗೆ ಕಾಣುತ್ತದೆ, ಚಾಲಕ ನಿಧಾನಿಸುತ್ತಾನೆ. ಅಪಾಯ ಇರುವುದು ಕಾಣದ 3–4 ಮಿ.ಮೀ. ನೀರಿನಲ್ಲಿ. ಮೈಸೂರಿನ ಜೋರು ಮಳೆ ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅದೂ ಸಂಜೆಯ ಹೊತ್ತು ಇದ್ದಕ್ಕಿದ್ದಂತೆ ಸುರಿಯುವಂಥದ್ದು. ಬೆಳಿಗ್ಗೆ ಬಿಸಿಲಲ್ಲಿ ಹೊರಟ ಕಾರು ವಾಪಸು ಬರುವುದು ಆ ಮಳೆಯಲ್ಲೇ. ಮೊದಲ ಹದಿನೈದು–ಇಪ್ಪತ್ತು ನಿಮಿಷ ರಸ್ತೆಯ ಮೇಲಿನ ಎಣ್ಣೆ ಮತ್ತು ದೂಳು ನೀರಿನೊಡನೆ ಕಲೆತು ಜಾರುಪದರವಾಗಿರುತ್ತದೆ. ಆ ಹೊತ್ತಿನಲ್ಲಿ ಹಿಡಿತ ಕೊಡುವುದು ಸಿಲಿಕಾ ಹೆಚ್ಚಿರುವ ಕಾಂಪೌಂಡು (ರಬ್ಬರಿನ ಮಿಶ್ರಣ) ಮತ್ತು ಆಳವಾದ ಸೀಳು. ಬಿಸಿಯಾಗದ ಟ್ರ್ಯಾಕ್ ರಬ್ಬರಿನಿಂದ ಅದು ಆಗದ ಕೆಲಸ.

ಹಾಗಾಗಿ ರಸ್ತೆಯ ವಾರಾಂತ್ಯದ ಕಾರಿಗೆ ಸರಿಯಾದದ್ದು 300–340ರ ವರ್ಗ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಕಾಂಟಿನೆಂಟಲ್ ಮ್ಯಾಕ್ಸ್‌ಕಾಂಟ್ಯಾಕ್ಟ್ ಎಂಸಿ6 ಈ ಸಾಲಿನವು. ವ್ರೆಡೆಸ್ಟೈನ್ ಅಲ್ಟ್ರಾಕ್ ವೋರ್ಟಿಯನ್ನೂ ಇವುಗಳ ಪಕ್ಕದಲ್ಲಿಟ್ಟು ನೋಡಬಹುದು. ನಿಮ್ಮ ಅಳತೆಯಲ್ಲಿ ಎಲ್ಲವೂ ಸಿಗುವುದಿಲ್ಲ. 15 ಇಂಚಿನಲ್ಲಿ ಆಯ್ಕೆ ತೀರಾ ಕಡಿಮೆ, 16ರಲ್ಲಿ ಪರವಾಗಿಲ್ಲ, 17ರಲ್ಲಿ ಹೆಚ್ಚು. ಪರದೇಶದ ಬರಹಗಳನ್ನು ಓದಿ ‘ಸಮ್ಮರ್ ಟೈರೋ ಆಲ್ ಸೀಸನ್ನೋ’ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬೇಸಿಗೆಯ ಕಾಂಪೌಂಡು ಗಡಸಾಗತೊಡಗುವುದು ಸುಮಾರು 7 ಡಿಗ್ರಿಗಿಂತ ಕೆಳಗೆ. ನಮ್ಮಲ್ಲಿ ಮಾಗಿಯ ಚಳಿಯಲ್ಲೂ ಅಷ್ಟು ಇಳಿಯುವುದಿಲ್ಲ.

ಇನ್ನು ಅಗಲ. ಅಗಲ ಹೆಚ್ಚಾದರೆ ನೆಲಕ್ಕೆ ತಾಗುವ ಜಾಗವೂ ಹೆಚ್ಚು ಎಂಬ ನಂಬಿಕೆ ಬಲವಾಗಿದೆ. ಆ ಜಾಗವನ್ನು ಮುಖ್ಯವಾಗಿ ತೀರ್ಮಾನಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಸಣ್ಣ ಹ್ಯಾಚ್‌ಬ್ಯಾಕಿನ ಒಂದು ಮುಂಚಕ್ರದ ಮೇಲೆ 320 ಕೆ.ಜಿ. ಇದೆ, ಗಾಳಿ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.25 ಕೆ.ಜಿ. ಎಂದಿಟ್ಟುಕೊಳ್ಳಿ. ಭಾಗಿಸಿದರೆ ಸುಮಾರು 140 ಚದರ ಸೆಂ.ಮೀ., ಬೆರಳುಗಳೂ ಸೇರಿ ಒಂದು ಅಂಗೈಯಷ್ಟು ಜಾಗ. 185 ಮಿ.ಮೀ. ಅಗಲದ ಟೈರು ಹಾಕಿದರೂ 215ರದು ಹಾಕಿದರೂ ಹೆಚ್ಚೂಕಡಿಮೆ ಅಷ್ಟೇ. ಬದಲಾಗುವುದು ಆಕಾರ: ಅಗಲದ ಟೈರಿನಲ್ಲಿ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ತಿರುವಿನಲ್ಲಿ ಇದರಿಂದ ಸ್ಪಂದನೆ ಚುರುಕಾಗುತ್ತದೆ, ನಿಜ. ಆದರೆ ಹಗುರ ಕಾರಿನಲ್ಲಿ ಟೈರು ಬಿಸಿಯಾಗುವುದು ತಡ, ನೀರಿನ ಮೇಲೆ ತೇಲುವುದು ಬೇಗ, ರಸ್ತೆಯ ತೋಡುಗಳು ಸ್ಟಿಯರಿಂಗನ್ನು ಅತ್ತಿತ್ತ ಎಳೆಯುವುದೂ ಜಾಸ್ತಿ. ಒಂದು ಟನ್ನಿನ ಕಾರಿಗೆ 195 ಸಾಕು, 205 ಮಿತಿ.

ಅಳತೆ ಬದಲಿಸುವಾಗ ಹೊರ ವ್ಯಾಸ ಮೂಲದ ಶೇ 2ರೊಳಗೇ ಇರಬೇಕು. ಲೆಕ್ಕ ಸುಲಭ. ಅಗಲವನ್ನು ಶೇಕಡಾವಾರು ಎತ್ತರದಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. 185/65 ಆರ್15ರ (ಅಗಲ 185 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ 65, ರಿಮ್ಮು 15 ಇಂಚು) ವ್ಯಾಸ 621.5 ಮಿ.ಮೀ. ಅದರ ಜಾಗಕ್ಕೆ 195/55 ಆರ್16 ಹಾಕಿದರೆ 620.9, ಅಂದರೆ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. 15 ಇಂಚಿನಲ್ಲೇ ಉಳಿಯುವವರಿಗೆ 195/60 ಆರ್15 (615 ಮಿ.ಮೀ., ಶೇ 1ರಷ್ಟು ಕಡಿಮೆ) ಹೊಂದುತ್ತದೆ. 205/55 ಆರ್16 ಹಾಕಿದರೆ 631.9, ಶೇ 1.7 ಹೆಚ್ಚು. ಲೆಕ್ಕದಲ್ಲಿ ಇದು ಸರಿ, ಆದರೆ ತಗ್ಗಿಸಿದ ಕಾರಿನಲ್ಲಿ ಫೆಂಡರ್ ಲೈನರಿಗೆ (ಚಕ್ರದ ಮೇಲಿನ ಒಳಹೊದಿಕೆಗೆ) ತಾಗುವ ಸಾಧ್ಯತೆ ಹೆಚ್ಚು. 195/50 ಆರ್15 ನೋಡಲು ಚೆಂದ, ವ್ಯಾಸ ಮಾತ್ರ 576ಕ್ಕೆ ಇಳಿಯುತ್ತದೆ. ಶೇ 7ರಷ್ಟು ಕಡಿಮೆಯಾದ ಮೇಲೆ ಸ್ಪೀಡೋಮೀಟರ್, ಓಡೋಮೀಟರ್ ಎರಡೂ ಸುಳ್ಳು ಹೇಳುತ್ತವೆ, ಕಾರಿನ ಹೊಟ್ಟೆ ಇನ್ನೂ ಸುಮಾರು 23 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ. ನಮ್ಮ ಹಳ್ಳಿ ರಸ್ತೆಗಳ ಹಂಪುಗಳಿಗೆ ಇದು ಆಗಿಬರುವುದಿಲ್ಲ.

ಅಳತೆಯ ಪಕ್ಕದ ಸಂಖ್ಯೆಯನ್ನು ಬಹಳ ಮಂದಿ ಓದುವುದೇ ಇಲ್ಲ. 195/55 ಆರ್16 87ವಿ ಎಂದಿದ್ದರೆ 87 ಭಾರದ ಸೂಚ್ಯಂಕ, ಒಂದು ಟೈರು ಹೊರಬಲ್ಲದ್ದು 545 ಕೆ.ಜಿ. ‘ವಿ’ ಎಂದರೆ 240 ಕಿ.ಮೀ. ವೇಗದವರೆಗೆ. ‘ಎಚ್’ ಎಂದರೆ 210, ‘ಟಿ’ ಎಂದರೆ 190. ಮೂಲ ಟೈರು 88 ಇದ್ದಲ್ಲಿ (560 ಕೆ.ಜಿ.) 205/45 ಆರ್17 84 ಹಾಕಿಸಿದರೆ ಅದು ಹೊರುವುದು 500 ಕೆ.ಜಿ. ಮಾತ್ರ. ಒಬ್ಬರೇ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮೈಸೂರಿನಿಂದ ಹುಣಸೂರು, ಕುಶಾಲನಗರ ದಾಟಿ ಮಡಿಕೇರಿ ದಾರಿ ಎಂದಾಗ ಸೈಡ್‌ವಾಲ್ ಮಿತಿಗಿಂತ ಹೆಚ್ಚು ಬಾಗಿ ಒಳಗೊಳಗೇ ಬಿಸಿಯಾಗುತ್ತದೆ. ಅದೇ ಅಳತೆಯಲ್ಲಿ ‘ಎಕ್ಸ್‌ಎಲ್’ ಗುರುತಿನ 88 ಸಿಗುತ್ತದೆ, ಅದನ್ನೇ ಕೇಳಿ. ಎಕ್ಸ್‌ಎಲ್ ಟೈರು ಅದೇ ಭಾರ ಹೊರಲು ಸ್ವಲ್ಪ ಹೆಚ್ಚು ಗಾಳಿ ಬೇಡುತ್ತದೆ. ಹಳೆಯ ಒತ್ತಡವನ್ನೇ ಇಟ್ಟರೆ ಎರಡೂ ಅಂಚು ಸವೆಯುತ್ತದೆ.

ರಿಮ್ಮಿನ ಅಗಲವೂ ಹೊಂದಬೇಕು. 185/65 ಆರ್15ಕ್ಕೆ 5ರಿಂದ 6.5 ಇಂಚು, 195/55 ಆರ್16ಕ್ಕೆ 5.5ರಿಂದ 7, 205/45 ಆರ್17ಕ್ಕೆ 6.5ರಿಂದ 7.5. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಿಂಡಿ ಕೂರಿಸಿದರೆ ಸೈಡ್‌ವಾಲ್ ಉಬ್ಬಿ, ತಿರುವಿನಲ್ಲಿ ಅಲುಗಾಡುತ್ತದೆ. ಹಿಡಿತಕ್ಕೆಂದು ಕೊಟ್ಟ ದುಡ್ಡು ಅಲ್ಲೇ ಹೋಯಿತು. ಮಧ್ಯದ ರಂಧ್ರವನ್ನೂ ನೋಡಿ. ಸ್ವಿಫ್ಟಿಗೆ ನಾಲ್ಕು ನಟ್ಟು, ಅವು ಕೂರುವ ವೃತ್ತ 100 ಮಿ.ಮೀ., ಹಬ್ (ರಿಮ್ಮಿನ ನಡುರಂಧ್ರ ಕೂರುವ ಉಬ್ಬು) 54.1 ಮಿ.ಮೀ.; ಪೋಲೊಗೆ ಐದು ಬೋಲ್ಟು, 100 ಮಿ.ಮೀ., ಹಬ್ 57.1. ಹೊರಗಿನ ಅಲಾಯ್ ರಿಮ್ಮುಗಳ ರಂಧ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ನಡುವೆ ಹಬ್ ರಿಂಗ್ ಹಾಕದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ 80–100ರಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಆಫ್‌ಸೆಟ್ (ರಿಮ್ಮಿನ ಮೇಲೆ ‘ಇಟಿ’ ಎಂದು ಬರೆದಿರುವ ಅಂಕಿ) ತೀರಾ ಕಡಿಮೆಯಿದ್ದರೆ ಚಕ್ರ ಹೊರಕ್ಕೆ ಚಾಚುತ್ತದೆ. ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ, ಹಳ್ಳಕ್ಕೆ ಬಿದ್ದಾಗಲೆಲ್ಲ ಫೆಂಡರಿನ ಅಂಚು ಟೈರನ್ನು ಕೊಯ್ಯುತ್ತದೆ. ಹಾಕಿಸಿದ ಮೇಲೆ ಹಿಂದೆ ಇಬ್ಬರನ್ನು ಕೂರಿಸಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಗೆ ಎಲ್ಲಾದರೂ ತಾಗುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡಿ.

ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ನಿಮ್ಮ ಮಾದರಿಯ ಮೇಲ್ದರ್ಜೆಯ ಆವೃತ್ತಿಗೆ ಕಂಪನಿಯೇ ಕೊಟ್ಟಿರುವ ಅಳತೆಗೆ ಹೋಗುವುದು ಎಲ್ಲಕ್ಕಿಂತ ಸುರಕ್ಷಿತ. ತಾಂತ್ರಿಕವಾಗಿ ಅದು ಪರೀಕ್ಷೆಗೆ ಒಳಪಟ್ಟದ್ದು, ವಿಮೆಯವರ ಮುಂದೆಯೂ ನಿಲ್ಲುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ, ಅಂಗಡಿಯಲ್ಲಿ ಯಾರೂ ತಾವಾಗಿ ಹೇಳದ ವಿಷಯಕ್ಕೆ ಬರುತ್ತೇನೆ: ಟೈರಿನ ವಯಸ್ಸು. ಸೈಡ್‌ವಾಲಿನ ಮೇಲೆ ‘DOT’ ಎಂದು ಶುರುವಾಗುವ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಈ ಅಂಕಿ ಕೆಲವು ಟೈರುಗಳಲ್ಲಿ ಒಂದೇ ಬದಿಗೆ ಇರುತ್ತದೆ, ರಿಮ್ಮಿಗೆ ಏರಿಸಿದ ಮೇಲೆ ಒಳಮುಖವಾಗಿ ಕಾಣದೇ ಹೋಗುತ್ತದೆ. ಆದ್ದರಿಂದ ಏರಿಸುವ ಮೊದಲೇ ನಾಲ್ಕನ್ನೂ ಓದಿ. ಆರು ತಿಂಗಳೊಳಗಿನದಾದರೆ ಒಳ್ಳೆಯದು, ಒಂದು ವರ್ಷದವರೆಗೆ ಒಪ್ಪಬಹುದು. ಮೆದು ಕಾಂಪೌಂಡಿನ ಟೈರನ್ನು ಎರಡು ವರ್ಷದ ಹಳೆಯ ಸ್ಟಾಕಿನಿಂದ, ರಿಯಾಯಿತಿ ಕೊಟ್ಟರೂ, ಕೊಳ್ಳಬೇಡಿ. ರಬ್ಬರನ್ನು ಮೆದುವಾಗಿಡುವ ಎಣ್ಣೆಗಳು ಕಾಲ ಕಳೆದಂತೆ ಕಡಿಮೆಯಾಗುತ್ತವೆ, ಆಮ್ಲಜನಕ ರಬ್ಬರನ್ನು ಗಡಸು ಮಾಡುತ್ತದೆ. ಮೇಲ್ನೋಟಕ್ಕೆ ಸೀಳು ಪೂರ್ತಿ ಇರುತ್ತದೆ, ಹಿಡಿತ ಹೋಗಿರುತ್ತದೆ. ಕಾಯ್ದೆಯ ನಿಯಮ ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಸೀಳಿನ ಆಳ ಕೇಳುತ್ತದೆ. ವಾರಾಂತ್ಯದ ಕಾರು ವರ್ಷಕ್ಕೆ ಕೆಲವೇ ಸಾವಿರ ಕಿ.ಮೀ. ಓಡುವುದರಿಂದ ಆ ಮಿತಿಯನ್ನು ಮುಟ್ಟುವ ಮೊದಲೇ ರಬ್ಬರು ಮುದಿಯಾಗುತ್ತದೆ. ಮೆದು ಟೈರಿಗೆ ನಾಲ್ಕು, ಹೆಚ್ಚೆಂದರೆ ಐದು ವರ್ಷ ಎಂದು ಲೆಕ್ಕವಿಡಿ. ಸೀಳಿನ ಆಳ 3 ಮಿ.ಮೀ.ಗೆ ಇಳಿದರೆ ಮಳೆಗಾಲಕ್ಕೆ ಮೊದಲೇ ಬದಲಿಸಿ. ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕ ದುಬಾರಿಯಲ್ಲ. ಟೈರು ಹೊಸದಿದ್ದಾಗ ನೆರಳಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಅಷ್ಟೇ ಉಷ್ಣತೆಯಲ್ಲಿ ಮತ್ತೆ ಅಳೆದಾಗ ಎಂಟು–ಹತ್ತು ಅಂಕ ಏರಿದ್ದರೆ ಆ ಟೈರಿನ ಆಯುಷ್ಯ ಮುಗಿಯಿತೆಂದೇ ಅರ್ಥ.

ಇದಕ್ಕೆ ಅಂಟಿಕೊಂಡೇ ಬರುವುದು ಆಮದು ಟೈರಿನ ಪ್ರಶ್ನೆ. ಕೇಂದ್ರ ಸರ್ಕಾರ 2020ರ ಜೂನಿನಲ್ಲಿ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಇಲ್ಲಿ ಮಾರುವ ಕಾರಿನ ಟೈರಿಗೆ ಐಎಸ್ 15633 ಮಾನದಂಡದ ಐಎಸ್‌ಐ ಗುರುತು ಕಡ್ಡಾಯ. 200ರ ವರ್ಗದ ಹಲವು ಟೈರುಗಳು ಆದ್ದರಿಂದ ಅಧಿಕೃತ ದಾರಿಯಲ್ಲಿ ಸಿಗುವುದು ಅಪರೂಪ. ‘ಜಪಾನಿನಿಂದ ಬಂದದ್ದು, ಶೇ 80 ಸೀಳು ಉಳಿದಿದೆ’ ಎಂದು ಬಳಸಿದ ಟೈರು ತೋರಿಸುವವರಿದ್ದಾರೆ. ಡಾಟ್ ನೋಡಿದರೆ ಏಳೆಂಟು ವರ್ಷದ್ದಾಗಿರುತ್ತದೆ. ಅಂಥ ಹಳೆಯ ಹೆಸರಾಂತ ಟೈರಿಗಿಂತ ಈ ವರ್ಷ ತಯಾರಾದ ಸಾಧಾರಣ ಟೈರೇ ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲಿಸುತ್ತದೆ. ವಿಕ್ರಾಂತ್ ಕಾರ್ಖಾನೆಯ ಕಾಲದಿಂದ ಟೈರು ತಯಾರಿಸುತ್ತಾ ಬಂದ ಊರು ನಮ್ಮದು. ಆ ಕೆಲಸದಲ್ಲೇ ಬದುಕು ಕಳೆದವರು ಇಲ್ಲಿ ಮನೆಮನೆಯಲ್ಲಿ ಸಿಗುತ್ತಾರೆ. ರಬ್ಬರಿನ ವಯಸ್ಸಿನ ಬಗ್ಗೆ ಅವರನ್ನೇ ಕೇಳಿ ನೋಡಿ. ಸವೆದ ಟೈರಿಗೆ ಬಿಸಿ ಕತ್ತಿಯಿಂದ ಹೊಸ ಸೀಳು ಕೊರೆದು ಮಾರುವುದಂತೂ ಕೊಲೆಗೆ ಸಮ. ಹಾಗೆ ಕೊರೆಯಲು ಬೇಕಾದಷ್ಟು ತಳದ ರಬ್ಬರು ಇರುವುದು ಕೆಲವು ಲಾರಿ ಟೈರುಗಳಲ್ಲಿ, ಅವುಗಳ ಮೇಲೆ ಹಾಗೆಂದು ಬರೆದಿರುತ್ತದೆ. ಕಾರಿನ ಟೈರಿನಲ್ಲಿ ಕೊರೆದರೆ ಒಳಗಿನ ಉಕ್ಕಿನ ಪಟ್ಟಿಗೇ ಕತ್ತಿ ತಾಗುತ್ತದೆ.

ನಿಂತ ಕಾರಿನ ಟೈರು ಓಡುವ ಕಾರಿನದಕ್ಕಿಂತ ಬೇಗ ಬಿರುಕು ಬಿಡುತ್ತದೆ. ಇದನ್ನು ಬಹಳ ಮಂದಿ ನಂಬುವುದಿಲ್ಲ, ಕಾರಣ ಹೀಗಿದೆ. ಓಜೋನ್‌ನಿಂದ ಕಾಪಾಡಲು ರಬ್ಬರಿನಲ್ಲಿ ಒಂದು ಮೇಣ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿದಾಗ ಆ ಮೇಣ ಮೇಲಕ್ಕೆ ಬಂದು ಪದರ ಕಟ್ಟುತ್ತದೆ. ನಿಂತಲ್ಲೇ ನಿಂತರೆ ಬರುವುದಿಲ್ಲ. ಮೇಲಿಂದ ಪೆಟ್ರೋಲಿಯಂ ಎಣ್ಣೆಯ ಟೈರ್ ಪಾಲಿಶ್ ಬಳಿದರೆ ಇದ್ದ ಮೇಣವೂ ತೊಳೆದುಹೋಗುತ್ತದೆ. ನೀರು ಆಧಾರದ ಪಾಲಿಶ್ ಬಳಸಿ, ಇಲ್ಲವೇ ಬಳಸಲೇಬೇಡಿ. ವಾರವಿಡೀ ನಿಲ್ಲಿಸುವಾಗ 4–5 ಪಿಎಸ್‌ಐ ಹೆಚ್ಚು ಗಾಳಿ ಹಿಡಿಸಿ (ಸೈಡ್‌ವಾಲಿನಲ್ಲಿ ಬರೆದ ಗರಿಷ್ಠ ಮಿತಿ ದಾಟದಂತೆ), ನೆರಳಿನಲ್ಲಿ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ನಡುವೆ ಒಂದು ದಿನ ಕಾಲು ಸುತ್ತು ಮುಂದಕ್ಕೆ ತಳ್ಳಿ. ಹೊರಡುವ ಮುನ್ನ ಒತ್ತಡ ಮಾಮೂಲಿಗೆ ಇಳಿಸುವುದನ್ನು ಮರೆಯಬಾರದು. ಮೊದಲ ಹತ್ತು ಕಿ.ಮೀ. ನಡುಕವಿದ್ದು ಆಮೇಲೆ ಹೋದರೆ ಅದು ನಿಂತು ಚಪ್ಪಟೆಯಾದ ಜಾಗ, ಗಾಬರಿ ಬೇಡ. ಬಿಸಿಯಾದ ಮೇಲೂ ಹೋಗದಿದ್ದರೆ ಬ್ಯಾಲೆನ್ಸ್ ನೋಡಿಸಿ.

ಏರಿಸುವಾಗ ಗಮನಿಸಬೇಕಾದದ್ದು ಕೆಲವು. ಬಾಣದ ಗುರುತಿರುವ ಟೈರು ತಿರುಗುವ ದಿಕ್ಕಿಗೇ ಇರಬೇಕು, ‘ಔಟ್‌ಸೈಡ್’ ಎಂದಿರುವ ಬದಿ ಹೊರಗೇ ಬರಬೇಕು. ಇವೆರಡನ್ನೂ ಅವಸರದಲ್ಲಿ ತಪ್ಪಿಸುವುದು ಸಾಮಾನ್ಯ. ಹಳದಿ ಚುಕ್ಕೆಯಿದ್ದರೆ ಅದು ಹಗುರ ಭಾಗ, ವಾಲ್ವ್ ಪಕ್ಕಕ್ಕೆ ಬರಲಿ. ವಾಲ್ವ್ ಹೊಸದೇ ಹಾಕಿಸಿ. ಬೋಲ್ಟುಗಳನ್ನು ಏರ್ ಗನ್ನಿನಿಂದಲೇ ಮುಗಿಸಲು ಬಿಡಬೇಡಿ. ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ, ಉದಾಹರಣೆಗೆ ಪೋಲೊಗೆ 120 ನ್ಯೂಟನ್ ಮೀಟರಿಗೆ ಬಿಗಿಸಿ, 100 ಕಿ.ಮೀ. ಒಳಗೆ ಇನ್ನೊಮ್ಮೆ ನೋಡಿ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಜಾರುಪದರ ಉಳಿದಿರುತ್ತದೆ. ಮೊದಲ 200 ಕಿ.ಮೀ. ಸೌಮ್ಯವಾಗಿ ಓಡಿಸಿ.

ಗಾಳಿಯ ಒತ್ತಡಕ್ಕೆ ಆರಂಭ ಬಿಂದು ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿ. ಸೈಡ್‌ವಾಲಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಹಾಕಬೇಕಾದ ಒತ್ತಡ ಅಲ್ಲ. ಬಂಕಿನ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಸ್ವಂತ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ. ಹೊರಗಿನ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು 1.5 ಪಿಎಸ್‌ಐ ಏರುತ್ತದೆ. ತಣ್ಣಗಿದ್ದಾಗ ಬೆಳಿಗ್ಗೆ ಅಳೆಯಬೇಕು. ಘಟ್ಟದ ಓಡಾಟದ ನಂತರ 3–5 ಪಿಎಸ್‌ಐ ಏರಿಕೆ ಸಹಜ. ಅದಕ್ಕಿಂತ ಹೆಚ್ಚು ಏರಿದರೆ ಶುರುವಿನಲ್ಲೇ ಗಾಳಿ ಕಡಿಮೆಯಿತ್ತು ಎಂದರ್ಥ. ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ನಾಲ್ಕು ತಿರುವು ಹೋಗಿ ಬನ್ನಿ. ಸೈಡ್‌ವಾಲಿನ ಸಣ್ಣ ತ್ರಿಕೋನ ಗುರುತನ್ನೂ ದಾಟಿ ಸುಣ್ಣ ಅಳಿಸಿದ್ದರೆ ಗಾಳಿ ಕಡಿಮೆ, ಅಂಚಿಗೂ ಬಂದಿರದಿದ್ದರೆ ಹೆಚ್ಚು. ಒಮ್ಮೆಗೆ 1 ಪಿಎಸ್‌ಐ ಮಾತ್ರ ಬದಲಿಸಿ. ನೈಟ್ರೊಜನ್‌ಗೆ ಕೊಡುವ ದುಡ್ಡು ಗೇಜಿಗೆ ಹಾಕಿ. ಸಾಮಾನ್ಯ ಗಾಳಿಯಲ್ಲೇ ಶೇ 78 ನೈಟ್ರೊಜನ್ ಇದೆ.

ಕಾರು ತಗ್ಗಿಸಿದಾಗ ಅಲೈನ್‌ಮೆಂಟ್ ಕೆಡುತ್ತದೆ. ‘ಕಂಪ್ಯೂಟರ್ ಹಸಿರು ತೋರಿಸಿತು’ ಎಂಬಷ್ಟಕ್ಕೆ ತೃಪ್ತರಾಗದೆ ಅಂಕಿಗಳ ಪ್ರತಿ ಕೇಳಿ. ಮುಂಚಕ್ರದ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಋಣ 1ರಿಂದ 1.5 ಡಿಗ್ರಿ, ಅಂದರೆ ಒಳಕ್ಕೆ, ಟೋ (ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆಗೆ ಹತ್ತಿರ, ಎಡಬಲ ಸಮ. ಟೈರು ತಿನ್ನುವುದು ಕ್ಯಾಂಬರಿಗಿಂತ ಟೋ. ರಿಮ್ಮಿನ ಅಂಚಿನಲ್ಲಿ ಒಟ್ಟು 3 ಮಿ.ಮೀ. ಟೋ ತಪ್ಪಿದ್ದರೆ ಪ್ರತಿ ಮುಂಚಕ್ರವನ್ನು ಕಿಲೋಮೀಟರಿಗೆ ಸುಮಾರು 3.7 ಮೀಟರ್ ಅಡ್ಡಕ್ಕೆ ಉಜ್ಜಿದಷ್ಟಾಗುತ್ತದೆ. ಟ್ರೆಡ್ಡಿನ ಮೇಲೆ ಅಡ್ಡಡ್ಡ ಕೈಯಾಡಿಸಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಟೋ ತಪ್ಪಿದೆ. ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್ ಸಡಿಲವಿದ್ದರೆ ಅಲೈನ್‌ಮೆಂಟ್ ನಿಲ್ಲುವುದೇ ಇಲ್ಲ, ಅವನ್ನು ಮೊದಲು ಸರಿಮಾಡಿಸಿ. ಹಿಡಿತ ಹೆಚ್ಚಾದಷ್ಟೂ ಇವುಗಳ ಮೇಲಿನ ಹೊರೆಯೂ ಬ್ರೇಕಿನ ಬಿಸಿಯೂ ಹೆಚ್ಚು. ಡಾಟ್ 4 ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸದೆ ಘಟ್ಟ ಇಳಿಯಬೇಡಿ.

ನಾಲ್ಕಕ್ಕೂ ದುಡ್ಡು ಸಾಲದೆ ಮುಂದಿನ ಎರಡಕ್ಕೆ ಮಾತ್ರ ಸ್ಟಿಕ್ಕಿ ಹಾಕಿಸುವುದು ಅತ್ಯಂತ ಅಪಾಯದ ಕೆಲಸ. ಮುಂಚಕ್ರ ಎಳೆಯುವ ಕಾರಾದರೂ ಹಾಗೇ. ಒದ್ದೆ ಇಳಿಜಾರಿನ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ಹಿಡಿಯುತ್ತದೆ, ಹಿಂದಿನದು ಜಾರುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಮುಂದೆ ಜಾರಿದರೆ ವೇಗ ತಗ್ಗಿಸಿ ಸಂಭಾಳಿಸಬಹುದು, ಹಿಂದೆ ಜಾರಿದರೆ ಹೆಚ್ಚಿನವರಿಗೆ ಆಗದು. ಎರಡೇ ಕೊಳ್ಳುವುದಾದರೆ ಒಳ್ಳೆಯ ಜೋಡಿ ಹಿಂದಕ್ಕೇ ಹೋಗಲಿ.

ಪಂಕ್ಚರ್ ವಿಷಯದಲ್ಲಿ ಒಂದೇ ಮಾತು. ದಾರಿಯಲ್ಲಿ ಹಾಕಿಸುವ ದಾರದ ಪ್ಲಗ್ ಮನೆ ಸೇರುವ ತನಕ. ಟ್ರೆಡ್ಡಿನ ನಡುಭಾಗದಲ್ಲಿ 6 ಮಿ.ಮೀ.ವರೆಗಿನ ತೂತಿಗೆ ಟೈರು ಬಿಚ್ಚಿಸಿ ಒಳಗಿಂದ ಮಶ್ರೂಮ್ ಪ್ಯಾಚ್ ಹಾಕಿಸಿ. ಸೈಡ್‌ವಾಲಿಗೆ, ಅಂಚಿಗೆ ತೂತಾದರೆ ಆ ಟೈರು ಮುಗಿಯಿತು.

ಎಂಥ ಟೈರು ಹಾಕಿದರೂ ಕೈಕೊಡುವ ಜಾಗಗಳು ನಮ್ಮ ಜಿಲ್ಲೆಗಳಲ್ಲಿ ಇವೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರಿನ ಮೇಲೆ ಹರಡಿ ಒಕ್ಕಣೆ ಮಾಡುತ್ತಾರೆ. ಆ ಸೊಪ್ಪಿನ ಮೇಲೆ ಟೈರಿಗೆ ನೆಲವೇ ಸಿಗುವುದಿಲ್ಲ. ತಗ್ಗಿಸಿದ ಕಾರಾದರೆ ಒಣ ಹುರುಳಿ ಬಳ್ಳಿ ಎಕ್ಸಾಸ್ಟಿಗೆ ಸುತ್ತಿಕೊಂಡು ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಸುತ್ತು ದಾರಿ ಹಿಡಿಯಿರಿ, ಸಿಗದಿದ್ದರೆ ನಡಿಗೆಯ ವೇಗದಲ್ಲಿ ದಾಟಿ, ಸ್ವಲ್ಪ ದೂರ ಹೋಗಿ ನಿಲ್ಲಿಸಿ ಅಡಿಯಲ್ಲಿ ಬಗ್ಗಿ ನೋಡಿ. ಪಾಂಡವಪುರ, ಮದ್ದೂರು ಕಡೆ ಕಬ್ಬು ಕಡಿಯುವ ಕಾಲದಲ್ಲಿ ಜಲ್ಲೆ, ತರಗು ತಿರುವುಗಳಲ್ಲೇ ಬಿದ್ದಿರುತ್ತವೆ. ನಾಟಿಯ ಕಾಲದಲ್ಲಿ ಗದ್ದೆಯಿಂದ ರಸ್ತೆಗೆ ಹತ್ತುವ ಟ್ರ್ಯಾಕ್ಟರುಗಳು ಕೆಸರು ಬಿಟ್ಟುಹೋಗುತ್ತವೆ. ಹೆದ್ದಾರಿಯಲ್ಲಿ ಕಾರಿಗೆ 100 ಕಿ.ಮೀ. ಮಿತಿಯಿದೆ, ಮಳೆಯಲ್ಲಿ 80 ದಾಟದಿರುವುದು ವಿವೇಕ.

ತಮ್ಮ ಪತ್ರಿಕೆಯ ಮೂಲಕ ಎರಡು ಬೇಡಿಕೆಗಳನ್ನು ಮುಂದಿಡುತ್ತೇನೆ. ಮೈಸೂರು, ಮಂಡ್ಯದ ಟೈರು ವ್ಯಾಪಾರಿಗಳು ಬಿಲ್ಲಿನಲ್ಲಿ ಅಳತೆ, ಭಾರದ ಸೂಚ್ಯಂಕದ ಜೊತೆಗೆ ನಾಲ್ಕೂ ಟೈರುಗಳ ತಯಾರಿಕೆಯ ವಾರ ಮತ್ತು ವರ್ಷವನ್ನು ಬರೆದುಕೊಡಲಿ. ಇದಕ್ಕೆ ಖರ್ಚಿಲ್ಲ, ಗ್ರಾಹಕರು ಕೇಳಿದರೆ ನಾಳೆಯಿಂದಲೇ ಶುರುವಾಗಬಹುದು. ಇನ್ನೊಂದು, ಹೊಗೆ ತಪಾಸಣಾ ಕೇಂದ್ರಗಳಲ್ಲಿ ಟ್ರೆಡ್ ಅಳೆಯುವ ಗೇಜ್ ಒಂದನ್ನು ಇಡುವಂತೆ ಸಾರಿಗೆ ಇಲಾಖೆ ಸೂಚಿಸಲಿ. ಕಾರು ಹೇಗೂ ಅಲ್ಲಿಗೆ ಬಂದು ನಿಂತಿರುತ್ತದೆ. ನಾಲ್ಕು ಟೈರು ಅಳೆಯಲು ಎರಡು ನಿಮಿಷ ಸಾಕು.

ಇಂತಿ ತಮ್ಮ ವಿಶ್ವಾಸಿ,
ಓದುಗ, ಸರಸ್ವತಿಪುರಂ, ಮೈಸೂರು